ಹಗಲು ಕುಗ್ಗುವ ತಿಂಗಳುಗಳಲ್ಲಿ ಹಿರಿಯರ ನಿವಾಸ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ತಾಯಿಗೆ 81 ವರ್ಷ. ಬೇಸಿಗೆಯ ಆರಂಭದಲ್ಲಿ ಹಿರಿಯರ ನಿವಾಸಕ್ಕೆ ಸೇರಿದರು. ಮೊದಲ ತಿಂಗಳುಗಳಲ್ಲಿ ತೋಟದ ಬೆಂಚಿನ ಮೇಲೆ ಕುಳಿತು, ಹಾದುಹೋಗುವವರೊಡನೆ ಮಾತನಾಡುತ್ತ ಲವಲವಿಕೆಯಿಂದ ಇದ್ದರು. ಎಲೆ ಉದುರಲು ಶುರುವಾದ ಮೇಲೆ ಮಧ್ಯಾಹ್ನ ನಾಲ್ಕಕ್ಕೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ನಿವಾಸದವರ ಶರತ್ಕಾಲದ ವೇಳಾಪಟ್ಟಿಯಲ್ಲಿ ದಿನಕ್ಕೆ ಎರಡು ಮೂರು ಕಾರ್ಯಕ್ರಮಗಳಿವೆ. ಒತ್ತಾಯ ಮಾಡಿಯಾದರೂ ಅವರನ್ನು ಕಳುಹಿಸಬೇಕೆ?

ಉತ್ತರ: ಒತ್ತಾಯ ಬೇಡ. ವೇಳಾಪಟ್ಟಿ ಎಷ್ಟು ತುಂಬಿದೆ ಎಂದು ನೋಡುವ ಮೊದಲು, ಬೇಸಿಗೆಯಲ್ಲಿ ನಿಮ್ಮ ತಾಯಿಗೆ ಜನರ ಒಡನಾಟ ಹೇಗೆ ಸಿಗುತ್ತಿತ್ತು ಎಂಬುದನ್ನು ಗಮನಿಸಿ. ಅವರು ಯಾವ ಕಾರ್ಯಕ್ರಮಕ್ಕೂ ಹೆಸರು ಕೊಟ್ಟಿರಲಿಲ್ಲ; ಬೆಂಚಿನ ಮೇಲೆ ಕುಳಿತಿದ್ದರು, ಅಷ್ಟೆ. ಯಾರೂ ಏರ್ಪಡಿಸದ, ಬೇಡವೆನಿಸಿದಾಗ ಎದ್ದು ಹೋಗಬಹುದಾದ ಇಂಥ ಭೇಟಿಗಳಲ್ಲೇ ಹೊಸದಾಗಿ ಸೇರಿದವರಿಗೆ ಪರಿಚಯ ಬೆಳೆಯುವುದು ಸುಲಭ. ಚಳಿ ಬಂದು ಬೆಂಚು ಖಾಲಿಯಾದಾಗ ಅವರು ಕಳೆದುಕೊಂಡದ್ದು ಈ ಅವಕಾಶವನ್ನು, ಆದರೆ ಅದರ ಬದಲಿಗೆ ಅವರ ಮುಂದಿರುವುದು ಹತ್ತಾರು ಜನ ಒಟ್ಟಿಗೆ ಸೇರುವ ಸಭಾಂಗಣ. ಎರಡೂ ಒಂದೇ ಅಲ್ಲ.

ಹಾಗಾಗಿ ನಿವಾಸದವರೊಡನೆ ಮಾತನಾಡಿ, ಬೆಂಚಿನ ಕೆಲಸವನ್ನು ಒಳಗೆ ಯಾವ ಜಾಗ ಮಾಡಬಹುದೆಂದು ಕೇಳಿ. ಕೋಣೆಗಳ ನಡುವಿನ ಓಣಿಯ ತಿರುವಿನಲ್ಲಿ, ಬೆಳಕು ಬೀಳುವ ಕಿಟಕಿಯ ಬಳಿ ಮೂರು ಕುರ್ಚಿಗಳು, ಒಂದು ಮೇಜು, ಮೇಜಿನ ಮೇಲೆ ಅರ್ಧ ಜೋಡಿಸಿ ಬಿಟ್ಟ ಚಿತ್ರಬಂಧ (ಜಿಗ್ಸಾ ಪಜಲ್), ಇಷ್ಟಿದ್ದರೆ ಸಾಕಾಗುತ್ತದೆ. ಊಟದ ಮನೆಗೆ ಹೋಗುವವರು ಒಂದು ತುಂಡನ್ನು ಸರಿಯಾದ ಜಾಗದಲ್ಲಿಟ್ಟು ಮುಂದೆ ಹೋಗುತ್ತಾರೆ, ಇನ್ನೊಬ್ಬರು ಅದು ಅಲ್ಲಿಯದಲ್ಲ ಎನ್ನುತ್ತಾರೆ, ಮಾತು ತಾನಾಗಿಯೇ ಶುರುವಾಗುತ್ತದೆ. ವೇಳಾಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲದ ಕಾರಣ ಆಡಳಿತದವರು ಇದನ್ನು ಚಟುವಟಿಕೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯದು ಬೆಳಕು. ಸೆಪ್ಟೆಂಬರ್ 22 ಅಥವಾ 23ರ ವಿಷುವದ, ಅಂದರೆ ಹಗಲು ರಾತ್ರಿ ಸಮವಾಗುವ ದಿನದ, ನಂತರ ಉತ್ತರ ಗೋಲಾರ್ಧದಲ್ಲಿ ರಾತ್ರಿ ಹಗಲಿಗಿಂತ ದೀರ್ಘವಾಗುತ್ತ ಹೋಗುತ್ತದೆ; ದಕ್ಷಿಣ ಗೋಲಾರ್ಧದಲ್ಲಿ ಇದೇ ಬದಲಾವಣೆ ಮಾರ್ಚ್‌ನಲ್ಲಿ ಆಗುತ್ತದೆ. ವಯಸ್ಸಾದ ಕಣ್ಣಿಗೆ ಈ ಇಳಿಕೆ ಇನ್ನೂ ಹೆಚ್ಚಾಗಿ ತಟ್ಟುತ್ತದೆ. ಪಾಪೆ ಕಿರಿದಾಗಿ ಮಸೂರ ಹಳದಿಯಾಗುವುದರಿಂದ, 20ರ ವಯಸ್ಸಿನವರಿಗೆ ಹೋಲಿಸಿದರೆ 60 ದಾಟಿದವರ ಅಕ್ಷಿಪಟಲವನ್ನು (ಕಣ್ಣಿನ ಹಿಂಬದಿಯ ಪರದೆಯನ್ನು) ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ ಮಾತ್ರ. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿರುತ್ತದೆ, ಕೋಣೆಯೊಳಗೆ ಸಾಮಾನ್ಯವಾಗಿ ಕೆಲವು ನೂರು. ಆದ್ದರಿಂದ ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ, ಅದಾಗದಿದ್ದರೆ ಕಿಟಕಿಗೆ ಒತ್ತಿಕೊಂಡಂತೆ ಕುಳಿತಿರುವುದು, ಸಂಜೆಯ ಯಾವುದೇ ಮನರಂಜನೆಗಿಂತ ಅವರ ನಿದ್ರೆಗೂ ಮನಸ್ಸಿಗೂ ಹೆಚ್ಚು ಉಪಯುಕ್ತ. ನೀವು ಭೇಟಿಗೆ ಹೋಗುವುದು ಸಂಜೆಯಾಗಿದ್ದರೆ, ಈ ಕೆಲವು ತಿಂಗಳು ಬೆಳಗಿಗೆ ಬದಲಾಯಿಸಿಕೊಳ್ಳಿ.

ನಾಲ್ಕಕ್ಕೇ ಬಾಗಿಲು ಹಾಕುವುದಕ್ಕೆ ಅಂಜಿಕೆಯೂ ಕಾರಣವಾಗಿರಬಹುದು. ಮಬ್ಬು ಬೆಳಕಿನಲ್ಲಿ ಹೊಳೆಯುವ ನೆಲ ಒದ್ದೆಯಾಗಿರುವಂತೆ ಕಾಣುತ್ತದೆ, ಓಣಿ ಉದ್ದವೆನಿಸುತ್ತದೆ, ಕಾರ್ಯಕ್ರಮ ಮುಗಿಸಿ ಒಬ್ಬರೇ ಮರಳುವುದು ಬೇಡವೆನಿಸುತ್ತದೆ. ಕೇಳಿ ನೋಡಿ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಊಟ ರುಚಿಸದೆ, ನಿದ್ರೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದಂತೆ ಕಂಡರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಋತುವಿನೊಡನೆ ಬಂದು ಹೋಗುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದಾರೆ, ಅದಕ್ಕೆ ಚಿಕಿತ್ಸೆಯೂ ಇದೆ. 10,000 ಲಕ್ಸ್‌ನ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕುಳಿತುಕೊಳ್ಳುವುದು ಅದರ ಒಂದು ಕ್ರಮ. ಅಕ್ಷಿಪಟಲದ ತೊಂದರೆ ಇದ್ದವರು ಮತ್ತು ಬೆಳಕಿಗೆ ಸೂಕ್ಷ್ಮತೆ ತರುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಅಂಥ ದೀಪವನ್ನು ಬಳಸಬಾರದು.

ಪ್ರಶ್ನೆ: ನಾನು ಹಿರಿಯರ ನಿವಾಸವೊಂದರಲ್ಲಿ ಚಟುವಟಿಕೆ ಸಂಯೋಜಕಿ. ಶರತ್ಕಾಲಕ್ಕೆಂದು ಎಲೆಗಳ ಅಲಂಕಾರ, ಕಾಗದದ ಕರಕುಶಲ ಕೆಲಸ, ಸಂಗೀತದ ಸಂಜೆ ಎಲ್ಲವನ್ನೂ ಏರ್ಪಡಿಸುತ್ತೇನೆ. ಬರುವವರು ಮಾತ್ರ ಅದೇ ಹನ್ನೆರಡು ಮಂದಿ. ಉಳಿದವರನ್ನು ಸೆಳೆಯುವುದು ಹೇಗೆ?

ಉತ್ತರ: ಸೆಳೆಯುವ ಪ್ರಯತ್ನವನ್ನು ಸ್ವಲ್ಪ ಕಾಲ ನಿಲ್ಲಿಸಿ, ಅವರಿಗೆ ಕೆಲಸ ಹಂಚಿ ನೋಡಿ ಎಂಬುದು ನನ್ನ ಸಲಹೆ. ಜೀವನವಿಡೀ ಲೆಕ್ಕಪತ್ರ ನೋಡಿಕೊಂಡವರ, ತರಗತಿ ನಡೆಸಿದವರ, ಯಂತ್ರ ದುರಸ್ತಿ ಮಾಡಿದವರ ಕೈಗೆ ಬಣ್ಣದ ಕಾಗದ ಮತ್ತು ಮೊಂಡು ಕತ್ತರಿ ಕೊಟ್ಟು ಎಲೆಯಾಕಾರ ಕತ್ತರಿಸಿ ಎಂದರೆ, ಬರದಿರುವುದೇ ಅವರ ಉತ್ತರ. ಕರಕುಶಲ ಕೆಲಸವನ್ನು ಇಷ್ಟಪಡುವವರು ಖಂಡಿತ ಇದ್ದಾರೆ. ಅವರ ಆಸಕ್ತಿಯನ್ನು ಹೀಗಳೆಯುತ್ತಿಲ್ಲ. ಆದರೆ ಶಿಶುವಿಹಾರದ ಗೋಡೆಯ ಮೇಲೂ ತೂಗಬಹುದಾದ ವಸ್ತುವನ್ನು ಮಾಡಿಸುವಾಗ, ಯಾರೂ ಎತ್ತದೆ ಉಳಿದ ಘನತೆಯ ಪ್ರಶ್ನೆಯೊಂದು ಅಲ್ಲಿರುತ್ತದೆ.

1976ರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಶುಶ್ರೂಷಾ ನಿವಾಸವೊಂದರಲ್ಲಿ ನಡೆಸಿದ ಅಧ್ಯಯನ ನಿಮ್ಮ ವೃತ್ತಿಯವರಿಗೆ ಪರಿಚಿತವೇ ಇರಬಹುದು. ಒಂದು ಮಹಡಿಯವರಿಗೆ, ನಿಮ್ಮ ದಿನಚರಿ ನಿಮ್ಮ ಹೊಣೆ ಎಂದು ಹೇಳಿ, ತಮಗೆ ಬೇಕಾದ ಗಿಡವನ್ನು ಆರಿಸಿಕೊಂಡು ಸಾಕುವಂತೆಯೂ ಚಲನಚಿತ್ರ ನೋಡುವ ರಾತ್ರಿಯನ್ನು ತಾವೇ ಆರಿಸಿಕೊಳ್ಳುವಂತೆಯೂ ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ, ಚಿತ್ರ ಎರಡೂ ಸಿಕ್ಕವು. ಆದರೆ ನೀರು ಹಾಕುವ ಕೆಲಸ ದಾದಿಯರದು, ದಿನ ಗೊತ್ತುಮಾಡುವುದು ಸಿಬ್ಬಂದಿಯದು. ಮೂರು ವಾರಗಳ ನಂತರ ಮೊದಲನೆಯ ಗುಂಪಿನವರು ಹೆಚ್ಚು ಚುರುಕಾಗಿಯೂ ಸಂತೋಷದಿಂದಲೂ ಇದ್ದರು. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಬೇಡ. ಆದರೂ ಗಿಡ ಒಂದೇ, ವ್ಯತ್ಯಾಸ ನೀರು ಹಾಕುವ ಕೈಯದು ಎಂಬ ಅಂಶ ಸಂಯೋಜಕರ ಪಾಲಿಗೆ ಬಹಳ ಬೆಲೆಯುಳ್ಳದ್ದು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನಿವಾಸವೊಂದಕ್ಕೆ ಗಿಡ, ನಾಯಿ, ಬೆಕ್ಕು, ಹಕ್ಕಿಗಳನ್ನು ತಂದ ವೈದ್ಯ ಬಿಲ್ ಥಾಮಸ್ ಕೂಡ ಒಂಟಿತನ, ಅಸಹಾಯಕತೆ, ಬೇಸರ ಇವು ಮೂರನ್ನೇ ಇಂಥ ನಿವಾಸಗಳ ಮುಖ್ಯ ಪಿಡುಗುಗಳೆಂದು ಗುರುತಿಸಿದರು. ನಿಮ್ಮ ಸಂಗೀತದ ಸಂಜೆ ಬೇಸರವನ್ನು ನೀಗುತ್ತದೆ. ಅಸಹಾಯಕತೆ ನೀಗಬೇಕಾದರೆ ತಾನು ಇನ್ನೊಂದು ಜೀವವನ್ನು ನೋಡಿಕೊಳ್ಳುವ ಅವಕಾಶ ಬೇಕು.

ಈ ಋತುವಿಗೆ ತಕ್ಕ ಕೆಲಸಗಳಲ್ಲಿ ಗೆಡ್ಡೆ ನೆಡುವುದನ್ನು ನಾನು ಮೊದಲು ಹೇಳುತ್ತೇನೆ. ಟ್ಯೂಲಿಪ್, ಡ್ಯಾಫೊಡಿಲ್‌ಗಳ ಗೆಡ್ಡೆಗಳನ್ನು ಶರತ್ಕಾಲದಲ್ಲೇ ನೆಡಬೇಕು. ಹಲವು ವಾರಗಳ ಚಳಿಯನ್ನು ಮಣ್ಣಿನೊಳಗೆ ಕಳೆದ ಮೇಲಷ್ಟೇ ಅವು ವಸಂತದಲ್ಲಿ ಸರಿಯಾಗಿ ಹೂ ಬಿಡುತ್ತವೆ. ಮೇಜಿನೆತ್ತರದ ಮಣ್ಣಿನ ತೊಟ್ಟಿ ಇದ್ದರೆ ಗಾಲಿಕುರ್ಚಿಯಲ್ಲಿರುವವರೂ ಬಗ್ಗದೆ ಕೆಲಸ ಮಾಡಬಹುದು. ಗೆಡ್ಡೆಯ ಎತ್ತರದ ಸುಮಾರು ಮೂರು ಪಟ್ಟು ಆಳಕ್ಕೆ, ಚೂಪು ತುದಿ ಮೇಲಾಗಿ ಇಡಬೇಕು. ಒಬ್ಬರು ಕಡ್ಡಿಯಿಂದ ಆಳ ಅಳೆಯಲಿ, ಒಬ್ಬರು ಗೆಡ್ಡೆ ಇಡಲಿ, ಕೈ ನಡುಗುವವರು ಮಣ್ಣು ಮುಚ್ಚಲಿ, ಮಣ್ಣು ಮುಟ್ಟಲು ಒಲ್ಲದವರು ಎಲ್ಲಿ ಯಾವ ಬಣ್ಣ ಎಂದು ನಕ್ಷೆ ಬರೆದಿಡಲಿ. ಡ್ಯಾಫೊಡಿಲ್ ಗೆಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ, ತಿಂದರೆ ವಿಷ. ಟ್ಯೂಲಿಪ್ ಗೆಡ್ಡೆಯ ರಸ ಕೆಲವರ ಚರ್ಮಕ್ಕೆ ಕಡಿತ ತರುತ್ತದೆ. ಆದ್ದರಿಂದ ಕೈಗವಸು ಇರಲಿ, ಮರೆಗುಳಿತನ ಇರುವವರ ಬಳಿ ಬುಟ್ಟಿಯನ್ನು ಬಿಟ್ಟು ಹೋಗಬೇಡಿ, ಕೊನೆಯಲ್ಲಿ ಉಳಿದ ಗೆಡ್ಡೆಗಳನ್ನು ಎಣಿಸಿ ತೆಗೆದಿಡಿ. ಇಷ್ಟು ಎಚ್ಚರಿಕೆ ಬೇಡುವ ಕೆಲಸವನ್ನು ಏಕೆ ಸೂಚಿಸುತ್ತೇನೆಂದರೆ, ಐದಾರು ತಿಂಗಳ ನಂತರ ಏನೋ ಒಂದು ಆಗಲಿದೆ, ಅದು ತಾನು ನೆಟ್ಟದ್ದು ಎಂಬ ನಿರೀಕ್ಷೆಯನ್ನು ಈ ವಯಸ್ಸಿನಲ್ಲಿ ಕೊಡಬಲ್ಲ ಚಟುವಟಿಕೆಗಳು ಹೆಚ್ಚಿಲ್ಲ.

ತೋಟದ ಗೊಡವೆ ಬೇಡವೆನ್ನುವವರಿಗೆ ಬೇರೆ ಹೊಣೆಗಳಿವೆ. ಪ್ರತಿದಿನದ ಉಷ್ಣಾಂಶ ಮತ್ತು ಮಳೆಯ ಪ್ರಮಾಣವನ್ನು ಪುಸ್ತಕದಲ್ಲಿ ಬರೆದು ಫಲಕಕ್ಕೆ ಹಾಕುವುದು, ವಲಸೆ ಹೋಗುವ ಹಕ್ಕಿಗಳ ದಾಖಲೆ ಇಡುವುದು, ಗ್ರಂಥಾಲಯದ ಕಪಾಟು ನೋಡಿಕೊಳ್ಳುವುದು, ಹೊಸದಾಗಿ ಸೇರಿದವರನ್ನು ಮೊದಲ ವಾರ ಊಟಕ್ಕೆ ಜೊತೆಯಲ್ಲಿ ಕರೆದೊಯ್ಯುವುದು. ಕೊನೆಯದಕ್ಕೆ ಖರ್ಚಿಲ್ಲ, ಫಲವೇ ಹೆಚ್ಚು. ಮುಂದಿನ ತಿಂಗಳ ವೇಳಾಪಟ್ಟಿಯನ್ನು ನಿವಾಸಿಗಳ ಸಭೆಯಲ್ಲೇ ರೂಪಿಸಿ, ಅವರು ಬೇಡವೆಂದದ್ದನ್ನು ನಿಜವಾಗಿಯೂ ತೆಗೆದುಹಾಕಿ. ಸಭೆ ಕರೆದು, ಅಭಿಪ್ರಾಯ ಕೇಳಿ, ಹಳೆಯ ಪಟ್ಟಿಯನ್ನೇ ಅಂಟಿಸಿದರೆ ಮುಂದಿನ ಸಭೆಗೆ ಆ ಹನ್ನೆರಡು ಮಂದಿಯೂ ಬರಲಾರರು.

ಪ್ರಶ್ನೆ: ತಂದೆಯವರಿಗೆ ಶ್ರವಣ ಸಾಧನ ಇದೆ. ಆದರೂ, ಮಳೆ ಚಳಿ ಶುರುವಾಗಿ ಎಲ್ಲರೂ ಒಳಗೇ ಸೇರುವುದರಿಂದ ಹರಟೆಯ ಕೂಟದಲ್ಲಿ ಏನೂ ಕೇಳಿಸುವುದಿಲ್ಲ ಎಂದು ಹೋಗುವುದನ್ನೇ ಬಿಟ್ಟಿದ್ದಾರೆ. ಸಾಧನ ಬದಲಾಯಿಸಬೇಕೆ?

ಉತ್ತರ: ಸಾಧನವನ್ನು ಪರೀಕ್ಷಿಸಿ, ಕಿವಿಯಲ್ಲಿ ಮೇಣ ಗಟ್ಟಿಯಾಗಿದೆಯೇ ಎಂದೂ ನೋಡಿಸಿ. ಆದರೆ ನೀವು ವಿವರಿಸಿದ ತೊಂದರೆಯ ಮೂಲ ಕೋಣೆಯಲ್ಲಿರುವಂತಿದೆ. ಮುಚ್ಚಿದ ಕಿಟಕಿ, ಹೀಟರಿನ ಗುಂಯ್ ಸದ್ದು, ಗಟ್ಟಿ ನೆಲ, ಒಮ್ಮೆಗೇ ಹತ್ತು ಮಂದಿಯ ಮಾತು ಸೇರಿದರೆ ಉತ್ತಮ ಸಾಧನವೂ ಸೋಲುತ್ತದೆ, ಏಕೆಂದರೆ ಅದು ಮಾತನ್ನೂ ಗದ್ದಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ಐದಾರು ಜನರ ದುಂಡು ಮೇಜು, ನೆಲಕ್ಕೆ ಜಾರದ ಹಾಗೆ ಕೂರಿಸಿದ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಹಿನ್ನೆಲೆಯಲ್ಲಿ ಟಿ.ವಿ. ಬಂದ್, ಮಾತನಾಡುವವರ ಮುಖದ ಮೇಲೆ ಬೆಳಕು, ಇಷ್ಟನ್ನು ಕೇಳಿ. ತಂದೆಯವರು ಗೋಡೆಗೆ ಬೆನ್ನು ಹಾಕಿ ಕುಳಿತರೆ ಹಿಂದಿನ ಸದ್ದು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿರುತ್ತದೆ. ಹೀಗಾಗಿ ಈ ಬದಲಾವಣೆಯನ್ನು ನಿಮ್ಮ ತಂದೆಯೊಬ್ಬರಿಗೆ ಮಾಡುವ ಉಪಕಾರವೆಂದು ಆಡಳಿತದವರು ಭಾವಿಸಬೇಕಿಲ್ಲ.

ಪ್ರಶ್ನೆ: ಮರೆಗುಳಿತನ ಇರುವ ನಮ್ಮ ಅತ್ತೆ ಬೇಸಿಗೆಯಲ್ಲಿ ಶಾಂತವಾಗಿದ್ದರು. ಈಗ ಕತ್ತಲಾಗುತ್ತಿದ್ದಂತೆ ಚಡಪಡಿಸುತ್ತಾರೆ, ಮನೆಗೆ ಹೋಗಬೇಕು ಎನ್ನುತ್ತಾರೆ, ಕಿಟಕಿಯಲ್ಲಿ ಯಾರೋ ನಿಂತಿದ್ದಾರೆ ಎಂದು ಹೆದರುತ್ತಾರೆ. ಸಂಜೆಯ ಕಾರ್ಯಕ್ರಮಗಳಿಗೆ ಕರೆದೊಯ್ಯುವುದು ಒಳ್ಳೆಯದೇ?

ಉತ್ತರ: ಕಿಟಕಿಯಲ್ಲಿ ನಿಂತಿರುವವರು ಬಹುಮಟ್ಟಿಗೆ ಅವರೇ. ಹೊರಗೆ ಕತ್ತಲು, ಒಳಗೆ ದೀಪ ಇದ್ದಾಗ ಗಾಜು ಕನ್ನಡಿಯಾಗುತ್ತದೆ. ಅದರಲ್ಲಿ ಕಾಣುವ ಮುಖ ತನ್ನದೆಂದು ಅವರಿಗೆ ಹೊಳೆಯುವುದಿಲ್ಲ. ಕತ್ತಲಾಗುವ ಅರ್ಧ ಗಂಟೆ ಮೊದಲೇ ದೀಪಗಳನ್ನೆಲ್ಲ ಹಚ್ಚಿ ಪರದೆ ಎಳೆಯುವಂತೆ ಸಿಬ್ಬಂದಿಗೆ ಹೇಳಿ. ಗದ್ದಲದ ಸಂಜೆಯ ಕೂಟ ಬೇಡ. ಬಟ್ಟೆ ಮಡಿಸುವುದು, ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುವುದು, ಪರಿಚಿತ ಹಾಡನ್ನು ಮೆಲ್ಲಗೆ ಕೇಳುವುದು ಆ ಹೊತ್ತಿಗೆ ಸಾಕು. ಚಟುವಟಿಕೆಯೆಲ್ಲ ಮಧ್ಯಾಹ್ನದ ಒಳಗೆ ಮುಗಿಯಲಿ. ಮನೆಗೆ ಹೋಗಬೇಕು ಎಂದಾಗ ಇದೇ ನಿಮ್ಮ ಮನೆ ಎಂದು ತಿದ್ದುವುದರಿಂದ ಜಗಳ ಬೆಳೆಯುತ್ತದೆ. ಮನೆಯಲ್ಲಿ ಯಾರ್‍ಯಾರು ಇದ್ದರು ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ.

ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುವ ದೇಶಗಳಲ್ಲಿ, ಅಂದರೆ ಯುರೋಪಿನ ಬಹುಭಾಗದಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಮತ್ತು ಅಮೆರಿಕದ ಬಹುಭಾಗದಲ್ಲಿ ನವೆಂಬರ್ ಮೊದಲ ಭಾನುವಾರ, ಈ ತೊಂದರೆ ಒಮ್ಮೆಲೇ ಏರುತ್ತದೆ. ಊಟ ಮತ್ತು ಮಲಗುವ ಹೊತ್ತನ್ನು ಆ ದಿನಕ್ಕೆ ಒಂದು ವಾರ ಮೊದಲಿನಿಂದ ದಿನಕ್ಕೆ ಹತ್ತು ನಿಮಿಷದಷ್ಟು ಸರಿಸುತ್ತ ಬಂದರೆ ಆಘಾತ ಕಡಿಮೆ. ಚಡಪಡಿಕೆ ನಿಧಾನವಾಗಿ ಬರದೆ ಒಂದೆರಡು ದಿನಗಳಲ್ಲಿ ಶುರುವಾಗಿದ್ದರೆ ಋತುವನ್ನು ದೂರಬೇಡಿ. ಸೋಂಕು, ನೋವು, ಮಲಬದ್ಧತೆ ಅಥವಾ ಹೊಸ ಔಷಧಿಯಿಂದ ಬರುವ ತೀವ್ರ ಗೊಂದಲ ಹಾಗೆ ಕಾಣಿಸಿಕೊಳ್ಳುತ್ತದೆ, ಅದೇ ದಿನ ವೈದ್ಯರು ನೋಡಬೇಕು.

ಪ್ರಶ್ನೆ: ಒದ್ದೆ ಎಲೆಗಳ ಮೇಲೆ ಜಾರುವ ಭಯದಿಂದ ನಿವಾಸದವರು ಹೊರಗಿನ ನಡಿಗೆಯನ್ನೇ ನಿಲ್ಲಿಸಿದ್ದಾರೆ. ಮಕ್ಕಳ ಭೇಟಿಯನ್ನೂ ಫ್ಲೂ ಕಾಲವೆಂದು ಬೇಡವೆನ್ನುತ್ತಾರೆ. ಇದು ಸರಿಯೇ?

ಉತ್ತರ: ಎರಡಕ್ಕೂ ಕಾರಣವಿದೆ, ಎರಡೂ ಅತಿಯಾಯಿತು. ದಾರಿಯ ಎಲೆಗಳನ್ನು ಬೆಳಗ್ಗೆ ಗುಡಿಸಿ, ನಡಿಗೆಯನ್ನು ಇಬ್ಬನಿ ಆರಿದ ಮೇಲೆ ಹನ್ನೊಂದರ ಸುಮಾರಿಗೆ ಇಡಬಹುದು. ಚಪ್ಪಲಿಯ ಬದಲು ಹಿಮ್ಮಡಿ ಬಿಗಿಯಾಗಿ ಹಿಡಿಯುವ ಶೂ ಇರಲಿ, ವಾಕರಿನ ರಬ್ಬರ್ ತುದಿ ಸವೆದಿದ್ದರೆ ಬದಲಾಯಿಸಲಿ. ನಡೆಯದೆ ಕುಳಿತಷ್ಟೂ ಕಾಲಿನ ಬಲ ಕುಗ್ಗಿ ಬೀಳುವ ಅಪಾಯ ಹೆಚ್ಚುತ್ತದೆ. 65 ದಾಟಿದವರು ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ ಮೂರು ದಿನ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮಳೆಯ ದಿನಗಳಲ್ಲಿ ಓಣಿಯ ಗೋಡೆಯ ಹಿಡಿಕಂಬಿ ಹಿಡಿದು ಅದನ್ನು ಮಾಡಿಸಬಹುದು, ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತೈ ಚಿ ಕೂಡ ಬೀಳುವಿಕೆಯನ್ನು ತಗ್ಗಿಸುತ್ತದೆ.

ಮಕ್ಕಳ ವಿಷಯದಲ್ಲಿ ನಿಷೇಧಕ್ಕಿಂತ ನಿಯಮ ಮೇಲು. ಕೆಮ್ಮು ನೆಗಡಿ ಜ್ವರ ಇದ್ದವರು ಬರುವುದು ಬೇಡ, ಬಂದವರು ಕೈ ತೊಳೆಯಲಿ, ಕೋಣೆಗೆ ಗಾಳಿಯಾಡಲಿ. ಫ್ಲೂ ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕಾಗುವುದರಿಂದ ನಿವಾಸಿಗಳೂ ಸಿಬ್ಬಂದಿಯೂ ಸೋಂಕಿನ ಕಾಲಕ್ಕೆ ಮೊದಲೇ ಹಾಕಿಸಿಕೊಳ್ಳಬೇಕು. 65 ದಾಟಿದವರಿಗೆಂದೇ ಹೆಚ್ಚು ಪ್ರಬಲವಾದ ಲಸಿಕೆ ಕೆಲವು ದೇಶಗಳಲ್ಲಿ ಸಿಗುತ್ತದೆ, ವೈದ್ಯರನ್ನು ಕೇಳಿ. ನಿವಾಸದಲ್ಲಿ ಸೋಂಕು ನಿಜವಾಗಿಯೂ ಹರಡಿರುವ ದಿನಗಳಲ್ಲಿ ಮಾತ್ರ ಭೇಟಿ ತಡೆಯಲಿ, ಅದು ಮುಗಿಯುವ ದಿನಾಂಕವನ್ನೂ ಬಾಗಿಲಲ್ಲಿ ಬರೆದು ಹಾಕಲಿ.