‘ಕೆಂಪು ಮಣ್ಣಿನ ಬಾಕಿ’ ಲೇಖನದ ಕುರಿತು ಸಂಪಾದಕರ ಉತ್ತರ

ಮಾನ್ಯರೇ,

‘ಕೆಂಪು ಮಣ್ಣಿನ ಬಾಕಿ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕಬ್ಬಿಣದ ಅದಿರಿನಿಂದ ಬರುವ ರಾಜಧನವೆಲ್ಲ (ರಾಯಲ್ಟಿ) ಸಂಡೂರಿಗೇ ಸೇರಬೇಕು, ರಾಜ್ಯದ ಉಳಿದ ಭಾಗಗಳಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ ಎಂಬುದು ಅದರಲ್ಲಿ ನೀವು ಮಂಡಿಸಿರುವ ವಾದ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಲೇಖನದ ಹಿಂದಿರುವ ಸಂಕಟ ನಿಜವಾದದ್ದು, ಅದನ್ನು ಹೊತ್ತಿರುವ ವಾದ ಮಾತ್ರ ದುರ್ಬಲವಾಗಿದೆ. ತಿದ್ದಿ ಬರೆಯುವ ಮನಸ್ಸಿದ್ದರೆ ಮುಂದಿನ ಮಾತುಗಳನ್ನು ಗಮನಿಸಿ.

ಮೊದಲನೆಯ ತೊಡಕು ಮೂರನೆಯ ಪುಟದಲ್ಲಿದೆ. ‘ನಮ್ಮ ರಾಜಧನವನ್ನು ದೆಹಲಿ ಹೊತ್ತೊಯ್ಯುತ್ತಿದೆ’ ಎಂದು ಅಲ್ಲಿ ಬರೆದಿದ್ದೀರಿ. ಇದು ತಪ್ಪು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಕಬ್ಬಿಣದ ಅದಿರಿನಂತಹ ಪ್ರಧಾನ ಖನಿಜಗಳ ರಾಜಧನದ ದರವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ, ಹಣ ಬಂದು ಸೇರುವುದು ರಾಜ್ಯದ ಖಜಾನೆಗೆ. ದೆಹಲಿಯ ಮೇಲೆ ದೂರು ಹೇಳಲೇಬೇಕೆಂದಿದ್ದರೆ ಅದು ದರದ ಬಗ್ಗೆ ಇರಬೇಕಿತ್ತು, ಮತ್ತು ಆ ದೂರಿಗೆ ಗಟ್ಟಿಯಾದ ಆಧಾರವೂ ಸಿಗುತ್ತಿತ್ತು. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿನ ರಾಜಧನವು ದರ್ಜೆಗೆ ತಕ್ಕಂತೆ ಟನ್ನಿಗೆ 4ರಿಂದ 27 ರೂಪಾಯಿಯಷ್ಟೇ ಇತ್ತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿ, ಬಳ್ಳಾರಿಯ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲಿರುಳೂ ಮುಗಿಯದಿದ್ದ ವರ್ಷಗಳವು. ಆಮೇಲೆ ದರ ಬೆಲೆಯ ಶೇ. 10ಕ್ಕೆ ಬದಲಾಯಿತು, 2014ರಲ್ಲಿ ಶೇ. 15ಕ್ಕೆ ಏರಿತು. ಅಷ್ಟರಲ್ಲಿ ಒಳ್ಳೆಯ ಅದಿರಿನ ದೊಡ್ಡ ಪಾಲು ಹಡಗು ಹತ್ತಿಯಾಗಿತ್ತು. ನಿಮ್ಮ ಲೇಖನದಲ್ಲಿ ಈ ಅಧ್ಯಾಯದ ಸುಳಿವೇ ಇಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ನಾಲ್ಕು ಪ್ಯಾರಾಗಳಿವೆ, ಸಕ್ರಮವಾಗಿಯೇ ಕೈತಪ್ಪಿದ ಹಣದ ಬಗ್ಗೆ ಒಂದು ವಾಕ್ಯವೂ ಇಲ್ಲ.

ಎರಡನೆಯದಾಗಿ, ನೀವು ರಾಜಧನವನ್ನು ಉದ್ದಕ್ಕೂ ತೆರಿಗೆಯೆಂದೇ ಪರಿಗಣಿಸಿದ್ದೀರಿ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 8:1ರ ಬಹುಮತದಿಂದ, ರಾಜಧನ ತೆರಿಗೆಯಲ್ಲ, ಖನಿಜವನ್ನು ತೆಗೆದುಕೊಂಡದ್ದಕ್ಕೆ ಗುತ್ತಿಗೆದಾರನು ಗುತ್ತಿಗೆ ಕೊಟ್ಟವನಿಗೆ ಸಲ್ಲಿಸುವ ಪ್ರತಿಫಲ ಎಂದು ತೀರ್ಪಿತ್ತು, ರಾಜಧನವೂ ತೆರಿಗೆಯೇ ಎಂದಿದ್ದ 1989ರ ಇಂಡಿಯಾ ಸಿಮೆಂಟ್ ಪ್ರಕರಣದ ನಿಲುವನ್ನು ಬದಿಗಿರಿಸಿತು. ಖನಿಜದ ಹಕ್ಕಿನ ಮೇಲೂ ಖನಿಜವಿರುವ ಭೂಮಿಯ ಮೇಲೂ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದೂ ಹೇಳಿತು. (ಭಿನ್ನಮತದ ತೀರ್ಪು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು, ಅದನ್ನೂ ಓದಿ, ಎದುರಾಳಿಯ ವಾದ ಅಲ್ಲಿ ಹೆಚ್ಚು ಅಚ್ಚುಕಟ್ಟಾಗಿ ಸಿಗುತ್ತದೆ.) ಈ ತೀರ್ಪು ನಿಮಗೆ ಅನುಕೂಲವೆಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ರಾಜಧನವು ಒಡೆಯನಿಗೆ ಸಲ್ಲುವ ಪ್ರತಿಫಲವಾದರೆ, ಒಡೆಯ ಯಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಸಂಡೂರಿನ ಬೆಟ್ಟಗಳಲ್ಲಿ ಗುತ್ತಿಗೆ ಕೊಡುವುದು ರಾಜ್ಯ. ಹಾಗಾಗಿ ಔರಾದಿನ ತೊಗರಿ ಬೆಳೆಗಾರನಿಗೂ ಗುಂಡ್ಲುಪೇಟೆಯ ಶಾಲಾ ಬಾಲಕಿಗೂ ಅದರಲ್ಲಿ ಪಾಲಿದೆ ಎಂದು ರಾಜ್ಯ ವಾದಿಸಿದರೆ ಅದನ್ನು ತಳ್ಳಿಹಾಕುವುದು ಕಷ್ಟ. ಒಡೆತನದ ನೆಲೆಯಲ್ಲಿ ನಿಂತು ಪಾಲು ಕೇಳುವ ನಿಮ್ಮ ವಾದ ಇಲ್ಲಿಯೇ ಸೋಲುತ್ತದೆ.

ಸಂಡೂರಿಗೆ ಅದಕ್ಕಿಂತ ಬಲವಾದ ಇನ್ನೊಂದು ನೆಲೆಯಿದೆ, ಅದು ನಷ್ಟದ ನೆಲೆ. ವಿಚಿತ್ರವೆಂದರೆ ಅದನ್ನು ನೀವೇ ಬರೆದಿದ್ದೀರಿ, ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಲಾರಿ ಸಾಗುವ ರಸ್ತೆಯ ಬದಿಯ ಹೊಲದವರು ಮೆಣಸಿನಕಾಯಿ ಒಣಹಾಕಲು ಎರಡು ಹೊಲ ದಾಟಿ ಹೋಗುತ್ತಾರೆ, ಇಲ್ಲವಾದರೆ ವ್ಯಾಪಾರಿ ಕೆಂದೂಳು ಹಿಡಿದ ಕಾಯಿಗೆ ಬೆಲೆ ಕಟ್ಟುವುದಿಲ್ಲ ಎಂಬ ಐದನೆಯ ಪುಟದ ವಿವರವೇ ಇಡೀ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗ. ಅದಿರು ಯಾರದೆಂಬ ಪ್ರಶ್ನೆಗೆ ಏನೇ ಉತ್ತರ ಬರಲಿ, ಆ ರೈತನ ನಷ್ಟ ಔರಾದಿನವನದಲ್ಲ. ಲೇಖನ ಇಲ್ಲಿಂದ ಆರಂಭವಾಗಬೇಕು.

ನಷ್ಟದ ನೆಲೆಯನ್ನು ಕಾನೂನು ಈಗಾಗಲೇ ಒಪ್ಪಿಕೊಂಡಿದೆ ಎಂಬುದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗುತ್ತಿಗೆದಾರರು ರಾಜಧನದ ಜೊತೆಗೆ, ಅದರ ಇಂತಿಷ್ಟು ಪಾಲಿನಷ್ಟು ಹಣವನ್ನು ಈ ಪ್ರತಿಷ್ಠಾನಕ್ಕೆ ಕಟ್ಟಬೇಕು: 2015ರ ಜನವರಿ 12ಕ್ಕೆ ಮೊದಲಿನ ಗುತ್ತಿಗೆಯಾದರೆ ರಾಜಧನದ ಶೇ. 30, ಆಮೇಲೆ ಹರಾಜಿನಲ್ಲಿ ಪಡೆದದ್ದಾದರೆ ಶೇ. 10. ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಲೇಖನದ ಜೀವಾಳವಾಗಬೇಕಿತ್ತು. ಲೆಕ್ಕಕ್ಕೆಂದು ಅದಿರಿನ ಬೆಲೆ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ರಾಜಧನ 450 ರೂಪಾಯಿ. ಹಳೆಯ ಗುತ್ತಿಗೆಯಿಂದ ಬಾಧಿತ ಪ್ರದೇಶಕ್ಕೆ 135 ರೂಪಾಯಿ ಸಿಗುತ್ತದೆ, ಹರಾಜಿನ ಗುತ್ತಿಗೆಯಿಂದ 45 ರೂಪಾಯಿ. ಧೂಳು ಎರಡೂ ಕಡೆ ಒಂದೇ. ಹರಾಜಿನಲ್ಲಿ ಗೆದ್ದವನು ಹೆಚ್ಚುವರಿ ಹಣ ಕಟ್ಟುತ್ತಾನಾದ್ದರಿಂದ ಅವನ ಹೊರೆ ಇಳಿಸಬೇಕೆಂಬುದು ಇದಕ್ಕೆ ಕೊಡಬಹುದಾದ ಸಮರ್ಥನೆ. ಆದರೆ ಆ ಹೆಚ್ಚುವರಿ ಹಣ ಹೋಗುವುದು ರಾಜ್ಯದ ಖಜಾನೆಗೆ, ಹೊರೆ ಇಳಿಸಿದ್ದು ಹಳ್ಳಿಯ ಪಾಲಿನಿಂದ. ಹಳೆಯ ಗುತ್ತಿಗೆಗಳ ಅವಧಿ ಮುಗಿದು ಹರಾಜಿನವು ಹೆಚ್ಚಿದಂತೆ ಪ್ರತಿ ಟನ್ನಿಗೆ ಬಾಧಿತ ಪ್ರದೇಶಕ್ಕೆ ಸಿಗುವ ಪಾಲು ಕುಗ್ಗುತ್ತಲೇ ಹೋಗುತ್ತದೆ. ಸುಪ್ರೀಂ ಕೋರ್ಟು 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮ ಕಂಡುಬಂದಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಅವನ್ನು ಹರಾಜಿಗಿಡುವ ದಾರಿ ತೆರೆದ ಬಳ್ಳಾರಿಯಲ್ಲಿ ಇದು ದೂರದ ಮಾತಲ್ಲ. ಉತ್ಪಾದಕ ಪ್ರದೇಶ ಮತ್ತು ಇಡೀ ರಾಜ್ಯದ ನಡುವಿನ ಹಂಚಿಕೆ ಸದ್ದಿಲ್ಲದೆ ಬದಲಾಗುತ್ತಿರುವುದು ಇಲ್ಲಿ. ‘ಎಲ್ಲವೂ ನಮಗೇ’ ಎಂಬ ಘೋಷಣೆ ಅದನ್ನು ಮರೆಮಾಚುತ್ತದೆ.

ಇನ್ನೊಂದು ಗೊಂದಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ ಸಂಗ್ರಹವಾಗಿ, ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಮೂಲಕ ಖರ್ಚಾಗಬೇಕಾದ ಹಣ ಬೇರೆ, ಖನಿಜ ಪ್ರತಿಷ್ಠಾನದ ಹಣ ಬೇರೆ. ಎರಡರ ಮೂಲವೂ ನಿಯಮವೂ ಬೇರೆಬೇರೆ. ನೀವು ಎರಡನ್ನೂ ಕೂಡಿಸಿ ಒಂದೇ ಮೊತ್ತವಾಗಿ ತೋರಿಸಿದ್ದೀರಿ. ಆ ಕೋಷ್ಟಕವನ್ನು ಕೈಬಿಡಿ.

ನಷ್ಟದ ನೆಲೆಯನ್ನು ಆರಿಸಿಕೊಂಡರೆ ನಿಮಗೆ ಹಿತವಲ್ಲದ ಪ್ರಶ್ನೆಗಳೂ ಎದುರಾಗುತ್ತವೆ, ಅವುಗಳಿಂದ ತಪ್ಪಿಸಿಕೊಳ್ಳಬೇಡಿ. ನಷ್ಟಕ್ಕೆ ಪರಿಹಾರವೆಂದರೆ ಅದು ತಾಲ್ಲೂಕಿಗೆಲ್ಲ ಸಮನಾಗಿ ಸಲ್ಲುವುದಿಲ್ಲ, ಜಿಲ್ಲಾ ಕೇಂದ್ರಕ್ಕಂತೂ ಇನ್ನೂ ಕಡಿಮೆ. 2024ರಿಂದ ಜಾರಿಯಲ್ಲಿರುವ ಮಾರ್ಗಸೂಚಿ ಗಣಿಯಿಂದ 15 ಕಿಲೋಮೀಟರ್ ಒಳಗಿನದನ್ನು ನೇರ ಬಾಧಿತವೆಂದೂ 25 ಕಿಲೋಮೀಟರ್‌ವರೆಗಿನದನ್ನು ಪರೋಕ್ಷ ಬಾಧಿತವೆಂದೂ ಪರಿಗಣಿಸಿ, ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂತಹ ಆದ್ಯತೆಗಳಿಗೆ ಕನಿಷ್ಠ ಶೇ. 70 ಹಣ ಮೀಸಲಿಡಬೇಕೆನ್ನುತ್ತದೆ. ಅಳತೆ ಶುರುವಾಗುವುದು ಗಣಿಯಿಂದ. ಅದಿರು ಲಾರಿಯಾದರೋ ಇಪ್ಪತ್ತೈದನೆಯ ಕಿಲೋಮೀಟರಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಮೆಣಸಿನಕಾಯಿಯ ರೈತನ ಹೊಲ ಈ ವೃತ್ತದ ಒಳಗಿದೆಯೋ ಹೊರಗಿದೆಯೋ ನೋಡಿದ್ದೀರಾ? ಹಾಗೆಯೇ, ಹಣ ಎಲ್ಲಿ ಖರ್ಚಾಗಬೇಕೆಂದು ತೀರ್ಮಾನಿಸುವವರು ಯಾರು? ಪ್ರತಿಷ್ಠಾನದ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಸಂಸದರು ಮತ್ತು ಶಾಸಕರು ಸದಸ್ಯರು. ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಲ್ಲಿ ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಬೇಕೆಂಬ ನಿಯಮವಿದೆ, ಆದರೆ ಕರ್ನಾಟಕದಲ್ಲಿ ಅಂತಹ ಅನುಸೂಚಿತ ಪ್ರದೇಶವೇ ಇಲ್ಲದ್ದರಿಂದ ಸಂಡೂರಿನ ಗ್ರಾಮಸಭೆಗೆ ಆ ಬಲವಿಲ್ಲ. ಬೆಂಗಳೂರು ಪಾಲು ಕಸಿಯುತ್ತಿದೆ ಎಂದು ಎಂಟು ಪುಟ ಬರೆದವರು, ತಾಲ್ಲೂಕಿನ ಹಣದ ತೀರ್ಮಾನ ಬಳ್ಳಾರಿ ನಗರದ ಸಭಾಂಗಣದಲ್ಲಿ ಆಗುವುದರ ಬಗ್ಗೆ ಸುಮ್ಮನಿರುವುದು ಸರಿಯಲ್ಲ.

ಹೊರದೇಶಗಳ ಉದಾಹರಣೆಗಳನ್ನು ತುಸು ಅವಸರದಲ್ಲಿ ಆರಿಸಿದ್ದೀರಿ. ನೈಜೀರಿಯಾದ ಸಂವಿಧಾನ ತೈಲ ವರಮಾನದ ಶೇ. 13ಕ್ಕೆ ಕಡಿಮೆಯಿಲ್ಲದ ಪಾಲನ್ನು ಉತ್ಪಾದಕ ರಾಜ್ಯಗಳಿಗೆ ಕೊಡುತ್ತದೆ, ನೀವು ಬರೆದಂತೆ ಹಳ್ಳಿಗಳಿಗಲ್ಲ. ರಾಜ್ಯದ ರಾಜಧಾನಿ ತಲುಪಿದ ಹಣ ತೈಲಬಾವಿಯ ಪಕ್ಕದ ಊರನ್ನು ಮುಟ್ಟಿತೇ ಎಂಬುದು ಅಲ್ಲಿಯೂ ಹಳೆಯ ಜಗಳ. ಅಲಾಸ್ಕಾವನ್ನು ತೆಗೆದುಹಾಕಿ, ಅದು ನಿವಾಸಿಗಳಿಗೆಲ್ಲ ನೇರವಾಗಿ ಹಣ ಹಂಚುವ ಬೇರೆಯೇ ಬಗೆಯ ಏರ್ಪಾಡು. ನಮಗೆ ಹತ್ತಿರದ್ದು ಪಶ್ಚಿಮ ಆಸ್ಟ್ರೇಲಿಯಾ: 2008ರಿಂದ ಅಲ್ಲಿ ಗಣಿ ರಾಜಧನದ ಕಾಲು ಭಾಗದಷ್ಟನ್ನು ರಾಜಧಾನಿ ಪರ್ತ್‌ನ ಹೊರಗಿನ ಪ್ರದೇಶಗಳಿಗೆಂದು ತೆಗೆದಿಡುವ ಯೋಜನೆ ಬಂತು. ಅದರಲ್ಲಿಯೂ ಹಣ ಕಬ್ಬಿಣ ತೆಗೆಯುವ ಪಿಲ್ಬಾರಾಕ್ಕಷ್ಟೇ ಅಲ್ಲ, ಗೋಧಿ ಬೆಳೆಯುವ ಪ್ರದೇಶಗಳಿಗೂ ಹೋಗುತ್ತದೆ. ನಿಮ್ಮ ವಾದಕ್ಕೆ ಇದು ಅನನುಕೂಲ, ಆದ್ದರಿಂದಲೇ ಉಪಯುಕ್ತ.

ಹೊರದೇಶಕ್ಕಿಂತ ಕೋಲಾರಕ್ಕೆ ಒಂದು ಪ್ಯಾರಾ ಕೊಡುವುದು ಮೇಲು. ಚಿನ್ನದ ಗಣಿಯಿಂದ ಮೈಸೂರು ಸಂಸ್ಥಾನ ದಶಕಗಳ ಕಾಲ ರಾಜಧನ ಪಡೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದೇ ಆ ಗಣಿಗೆ. 2001ರಲ್ಲಿ ಗಣಿ ಮುಚ್ಚಿತು, ರಾಜಧನ ನಿಂತಿತು, ಸಯನೈಡ್ ದಿಬ್ಬಗಳು ಊರಿನ ನಡುವೆಯೇ ಉಳಿದವು. ವರಮಾನ ಅದಿರಿನೊಂದಿಗೆ ಮುಗಿಯುತ್ತದೆ, ನಷ್ಟ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ, ಮತ್ತು ನಷ್ಟದ ನೆಲೆಯನ್ನೇ ಹಿಡಿಯಿರಿ ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರಕ್ತ ಹೀರುವ’, ‘ಲೂಟಿಕೋರ’ ಎಂಬ ವಿಶೇಷಣಗಳು ಬಂದಲ್ಲೆಲ್ಲ ಒಂದು ಅಂಕಿಯೋ ಒಂದು ನಿಯಮವೋ ಇರಬೇಕಾಗಿತ್ತು ಎಂದು ಅನ್ನಿಸಿತು. ಮರುಬರಹ 1,800 ಪದ ಮೀರದಿರಲಿ. ಬರೆಯುವ ಮೊದಲು ನಿಮ್ಮ ಜಿಲ್ಲೆಯ ಪ್ರತಿಷ್ಠಾನದ ವಾರ್ಷಿಕ ಕ್ರಿಯಾಯೋಜನೆ ಮತ್ತು ಲೆಕ್ಕಪರಿಶೋಧನಾ ವರದಿಗಳನ್ನು ತರಿಸಿಕೊಳ್ಳಿ. ಕೇಳಿದರೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರ ತಡವಾದರೆ ಲೇಖನವೂ ತಡವಾಗಲಿ. ಮೆಣಸಿನಕಾಯಿಯ ಹೊಲವಿರುವ ಊರಿಗೆ ಕಳೆದ ಮೂರು ವರ್ಷಗಳಲ್ಲಿ ಯಾವ ಕಾಮಗಾರಿ ಮಂಜೂರಾಗಿದೆ ಎಂಬುದು ಆ ಕಡತಗಳಲ್ಲಿ ಸಿಗಬೇಕು. ಅದು ಕೈಗೆ ಬಂದ ಮೇಲೆ ಹಸ್ತಪ್ರತಿಯನ್ನು ಕಳುಹಿಸಿ.

ಇತಿ,
ಸಂಪಾದಕ