ಕೋಪ ಕಂಪೆನಿಯ ಮೇಲೆ, ಪೆಟ್ಟು ಗೆಳೆಯನಿಗೆ

ಮಂಗಳೂರಿನ ಬಿಜೈಯಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಕಾಲೇಜು ದಿನಗಳಿಂದಲೂ ಆರು ಮಂದಿ ಭಾನುವಾರ ಸಂಜೆ ಸೇರಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಪತ್ರ ಬರೆದವರೇ ಡಂಜನ್ ಮಾಸ್ಟರ್ (ಡಿಎಂ), ಅಂದರೆ ಕಥೆ ನಡೆಸುವವರು. 2024ರ ಹೊಸ ನಿಯಮ ಪುಸ್ತಕ ಬಂದ ಮೇಲೆ ಫೈಟರ್ (ಯೋಧ) ಪಾತ್ರ ಆಡುವ ಗೆಳೆಯ ಅದನ್ನು ಕೊಂಡು ತಂದು ‘ಇನ್ನು ಇದನ್ನೇ ಆಡುವ’ ಎಂದರು. ಪ್ಯಾಲಡಿನ್ (ದೈವಬಲದ ಯೋಧ) ಆಡುವವರು ‘ಸಾಧ್ಯವೇ ಇಲ್ಲ’ ಎಂದು ಕೂತರು. ಮಾತಿಗೆ ಮಾತು ಬೆಳೆದು ಫೈಟರ್ ಗೆಳೆಯ ವಾಟ್ಸ್‌ಆ್ಯಪ್ ಗ್ರೂಪಿನಿಂದ ಹೊರಬಿದ್ದರು. ಮಳೆಗಾಲ ಶುರುವಾದಾಗಿನಿಂದ ಆಟ ನಿಂತಿದೆ. ‘ಇದು ದುಡ್ಡು ಹೊಡೆಯುವ ದಂಧೆ ಅಲ್ಲದೆ ಮತ್ತೆಂತ ಮಾರಾಯ್ರೆ? ಕೊಂಡವರು ಆಟಕ್ಕೆ ದ್ರೋಹ ಮಾಡಿದ ಹಾಗೆ. ನಿಮ್ಮ ಪತ್ರಿಕೆಯೂ ಹೊಸ ನಿಯಮಗಳ ಬಗ್ಗೆ ಬರೆಯುವುದನ್ನು ನಿಲ್ಲಿಸಬೇಕು’ ಎಂಬುದು ಪತ್ರದ ಕೊನೆಯ ಮಾತು.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರದಲ್ಲಿ ಎರಡು ಜಗಳಗಳು ಸಿಕ್ಕು ಹಾಕಿಕೊಂಡಿವೆ. ಒಂದು ಪುಸ್ತಕ ಮಾರುವ ಕಂಪೆನಿಯ ಜೊತೆಗಿನದು. ಇನ್ನೊಂದು ಇಷ್ಟು ವರ್ಷ ನಿಮ್ಮೆದುರು ಕೂತು ದಾಳ ಉರುಳಿಸಿದವರ ಜೊತೆಗಿನದು. ಮೊದಲನೆಯದರಲ್ಲಿ ನಾನು ಬಹುಮಟ್ಟಿಗೆ ನಿಮ್ಮ ಕಡೆ. ಎರಡನೆಯದನ್ನು ಒಪ್ಪಲಾರೆ, ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಂಪೆನಿಯ ಮೇಲಿನ ಸಿಟ್ಟಿಗೆ ಆಧಾರ ಉಂಟು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೂರು ಚಿಕ್ಕ ಪುಸ್ತಿಕೆಗಳಾಗಿ ಹೊರತಂದ ಆಟ ಇದು. ಅದನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪೆನಿಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು, ವಿಝರ್ಡ್ಸನ್ನು 1999ರಲ್ಲಿ ಆಟಿಕೆಗಳ ದೊಡ್ಡ ಕಂಪೆನಿ ಹ್ಯಾಸ್‌ಬ್ರೋ ಕೊಂಡಿತು. 2000ರಲ್ಲಿ 3ನೇ ಆವೃತ್ತಿ ಬಂದರೆ ಮೂರೇ ವರ್ಷದಲ್ಲಿ 3.5 ಬಂತು. ಕೊಂಡ ಪುಸ್ತಕದ ಬೈಂಡಿಂಗ್ ಇನ್ನೂ ಗಟ್ಟಿಯಿರುವಾಗಲೇ ಮತ್ತೆ ಕೊಳ್ಳಿ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಈಗಿನ ಮುಖ್ಯ ಪುಸ್ತಕಗಳು ಮೂರು, ಅಮೆರಿಕದಲ್ಲೇ ಒಂದೊಂದಕ್ಕೂ ಸುಮಾರು 50 ಡಾಲರ್. ಮೂರನ್ನೂ ತರಿಸುವುದೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಇಲ್ಲಿ ಒಂದು ತಿಂಗಳ ರೂಮಿನ ಬಾಡಿಗೆ. ಇದನ್ನು ಹೇಳಿದವರನ್ನು ಕಂಜೂಸು ಎನ್ನುವುದು ತಪ್ಪು.

ಬೆಲೆಗಿಂತ ದೊಡ್ಡ ಸಂಗತಿ ಲೈಸೆನ್ಸಿನದು. 2000ರಲ್ಲಿ ವಿಝರ್ಡ್ಸ್ ಒಳ್ಳೆಯ ಕೆಲಸ ಮಾಡಿತ್ತು: ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮದೇ ಕಥೆ, ಪುಸ್ತಕ ಪ್ರಕಟಿಸಬಹುದು ಎಂದು ಓಪನ್ ಗೇಮ್ ಲೈಸೆನ್ಸ್ ಕೊಟ್ಟಿತು. ನೂರಾರು ಸಣ್ಣ ಪ್ರಕಾಶಕರು ಅದನ್ನು ನಂಬಿ ಕಸುಬು ಕಟ್ಟಿಕೊಂಡರು. 2008ರಲ್ಲಿ 4ನೇ ಆವೃತ್ತಿ ಬಂದಾಗ ಪೈಝೋ ಎಂಬ ಸಂಸ್ಥೆ 3.5ರ ನಿಯಮಗಳನ್ನೇ ತಿದ್ದಿ 2009ರಲ್ಲಿ ಪಾಥ್‌ಫೈಂಡರ್ ಎಂಬ ತನ್ನದೇ ಆಟ ತರಲು ಸಾಧ್ಯವಾದದ್ದು ಇದೇ ಲೈಸೆನ್ಸಿನಿಂದ. 2023ರ ಜನವರಿಯಲ್ಲಿ ಅದನ್ನು ರದ್ದು ಮಾಡುವ ಹೊಸ ಕರಡೊಂದು ಹೊರಬಿತ್ತು. ವರ್ಷಕ್ಕೆ 7,50,000 ಡಾಲರ್ ದಾಟಿದ ಮಾರಾಟದ ಮೇಲೆ ಶೇ. 25ರವರೆಗೆ ರಾಯಲ್ಟಿ ಕೇಳುವ ಕರಡು ಅದು. ಆಡುವವರು ಕಂಪೆನಿಯ ಆನ್‌ಲೈನ್ ಸೇವೆಯಾದ ಡಿ ಆ್ಯಂಡ್ ಡಿ ಬಿಯಾಂಡ್‌ನ ಚಂದಾ ರದ್ದು ಮಾಡಿದರು. ಕಂಪೆನಿ ಅಭಿಪ್ರಾಯ ಕೇಳಿದಾಗ 15,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಜನವರಿ 27ಕ್ಕೆ ವಿಝರ್ಡ್ಸ್ ಹಿಂದೆ ಸರಿಯಿತು. ಹಳೆಯ ಲೈಸೆನ್ಸನ್ನು ಮುಟ್ಟುವುದಿಲ್ಲ ಎಂದಿತು, 2014ರಲ್ಲಿ ಬಂದ 5ನೇ ಆವೃತ್ತಿಯ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಟ್ಟದ್ದನ್ನು ಇನ್ನು ವಾಪಸು ಪಡೆಯಲಾಗುವುದಿಲ್ಲ.

2024ರ ಆಗಸ್ಟಿನಲ್ಲಿ ಇನ್ನೊಂದು ನಡೆಯಿತು. ಡಿ ಆ್ಯಂಡ್ ಡಿ ಬಿಯಾಂಡ್‌ನಲ್ಲಿ ದುಡ್ಡು ಕೊಟ್ಟು ಇಟ್ಟುಕೊಂಡ ಪಾತ್ರದ ವಿವರಗಳ ಹಳೆಯ ಕ್ಯಾರೆಕ್ಟರ್ ಶೀಟುಗಳಲ್ಲಿ ಮಂತ್ರಗಳೂ ಮಾಂತ್ರಿಕ ವಸ್ತುಗಳೂ ತಾವಾಗಿಯೇ ಹೊಸ ಆವೃತ್ತಿಗೆ ಬದಲಾಗುತ್ತವೆ ಎಂಬ ಪ್ರಕಟಣೆ ಬಂತು. ಪ್ರತಿಭಟನೆ ಎದ್ದ ಕೆಲವೇ ದಿನಗಳಲ್ಲಿ ಅದನ್ನೂ ಕೈಬಿಟ್ಟರು.

ಈ ಗೆಲುವುಗಳಲ್ಲಿ ಒಂದೂ ಪಕ್ಕದಲ್ಲಿ ಕೂತವನನ್ನು ಬೈದು ಬಂದದ್ದಲ್ಲ. ಹಳೆ ಆವೃತ್ತಿಯವರು, ಹೊಸತಕ್ಕೆ ಕಾಯುತ್ತಿದ್ದವರು, ಪಾಥ್‌ಫೈಂಡರಿನವರು ತಮ್ಮ ತಮ್ಮಲ್ಲಿ ಎಷ್ಟೇ ಕಚ್ಚಾಡಿದರೂ ಆ ಜನವರಿಯಲ್ಲಿ ಒಂದೇ ಕಡೆ ನಿಂತರು. ದುಡ್ಡಿನ ದಂಧೆ ಎಂಬ ನಿಮ್ಮ ದೂರನ್ನು ಕಂಪೆನಿಗೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಫೈಟರ್ ಗೆಳೆಯ ಕಂಪೆನಿಯ ಏಜೆಂಟನಲ್ಲ.

ಅವರಿಗೆ ಹೊಸ ಪುಸ್ತಕ ಯಾಕೆ ಇಷ್ಟವಾಯಿತು ಎಂದು ಕೇಳಿದಿರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ನಾನು ಊಹಿಸಬಲ್ಲೆ. 2014ರ ನಿಯಮದಲ್ಲಿ ಎಷ್ಟೋ ಫೈಟರ್‌ಗಳ ಸರದಿ ಹೀಗಿರುತ್ತಿತ್ತು: ಹೊಡೆದೆ, ತಾಗಿತು, ಇಷ್ಟು ಹಾನಿ, ಮತ್ತೆ ಹೊಡೆದೆ, ತಾಗಲಿಲ್ಲ. ಅಷ್ಟರಲ್ಲಿ ಮಂತ್ರವಾದಿ ಇಡೀ ಕೋಣೆಗೆ ಬೆಂಕಿ ಹಾಕಿರುತ್ತಾನೆ. 2024ರಲ್ಲಿ ಆಯುಧಗಳಿಗೇ ಒಂದೊಂದು ಪಟ್ಟು ಬಂದಿದೆ. ಯುದ್ಧದ ಕೊಡಲಿ ತಾಗಿದರೆ ಎದುರಾಳಿ ದಾಳ ಹಾಕಿ ತಡೆಯಬೇಕು, ತಡೆಯಲಾಗದಿದ್ದರೆ ಬೀಳುತ್ತಾನೆ. ಎರಡು ಕೈಯ ದೊಡ್ಡ ಕತ್ತಿಯ ಗುರಿ ತಪ್ಪಿದರೂ ಸ್ವಲ್ಪ ಹಾನಿ ಆಗಿಯೇ ಆಗುತ್ತದೆ. ಇಷ್ಟು ವರ್ಷ ‘ಹೊಡೆದೆ, ತಾಗಲಿಲ್ಲ’ ಎನ್ನುತ್ತಾ ಕೂತವರಿಗೆ ಇದು ಎಷ್ಟು ದೊಡ್ಡದು ಎಂದು ಡಿಎಂ ಆದ ನಿಮಗೆ ಅರ್ಥವಾಗಬೇಕು.

ಪ್ಯಾಲಡಿನ್ ಗೆಳೆಯರ ನೋವೂ ಅಷ್ಟೇ ನಿಜ. ಹಳೆ ನಿಯಮದಲ್ಲಿ 5ನೇ ಮಟ್ಟಕ್ಕೆ ಬಂದ ಪ್ಯಾಲಡಿನ್ ಒಂದು ಸರದಿಯಲ್ಲಿ ಎರಡು ಸಲ ಹೊಡೆಯುತ್ತಾನೆ, ಎರಡೂ ತಾಗಿದರೆ ಎರಡಕ್ಕೂ ಸ್ಪೆಲ್ ಸ್ಲಾಟ್ (ಮಂತ್ರಕ್ಕೆಂದು ಇರುವ ಎಣಿಸಿದ ಅವಕಾಶ) ಸುರಿದು ಸ್ಮೈಟ್ (ಹೆಚ್ಚುವರಿ ಹಾನಿಯ ದೈವಿಕ ಪೆಟ್ಟು) ಮಾಡಬಹುದು. ಮೊದಲ ಮಟ್ಟದ ಸ್ಲಾಟಿಗೆ ಎಂಟು ಮುಖದ ಎರಡು ದಾಳ ಹೆಚ್ಚುವರಿ, ಎರಡು ಪೆಟ್ಟಿಗೆ ನಾಲ್ಕು. ಆ ದಾಳಗಳನ್ನು ಅಂಗೈಯಲ್ಲಿ ಕೂಡಿಸಿ ಗಲಗಲ ಮಾಡುವ ಸುಖಕ್ಕೇ ಆ ಪಾತ್ರ ಆಯ್ದುಕೊಂಡವರಿದ್ದಾರೆ. ಹೊಸ ನಿಯಮದಲ್ಲಿ ಸ್ಮೈಟ್ ಬೋನಸ್ ಆ್ಯಕ್ಷನ್ (ಸರದಿಗೆ ಒಂದೇ ಸಿಗುವ ಹೆಚ್ಚುವರಿ ಕ್ರಿಯೆ) ಬೇಡುವ ಮಂತ್ರವಾಗಿದೆ, ಸರದಿಗೆ ಒಂದೇ ಸಲ. ಗಾಯ ಮಾಗಿಸುವ ಲೇ ಆನ್ ಹ್ಯಾಂಡ್ಸ್ ಕೂಡ ಬೋನಸ್ ಆ್ಯಕ್ಷನ್ ಆದ್ದರಿಂದ ಒಂದೇ ಸರದಿಯಲ್ಲಿ ಎರಡನ್ನೂ ಮಾಡುವ ಹಾಗಿಲ್ಲ. ಬದಲಿಗೆ ದಿನಕ್ಕೊಂದು ಸ್ಮೈಟ್ ಸ್ಲಾಟ್ ಇಲ್ಲದೆ ಸಿಗುತ್ತದೆ, ನಿಜ. ಆದರೂ ಕೈಯಿಂದ ಏನೋ ಕಿತ್ತುಕೊಂಡಂತೆ ಅವರಿಗೆ ಅನಿಸಿದರೆ ಅದರಲ್ಲಿ ತಪ್ಪಿಲ್ಲ.

ಹಾಗಾದರೆ ನಿಮ್ಮ ಮನೆಯಲ್ಲಿ ನಡೆದದ್ದು ಏನು? ಒಬ್ಬರ ಶೀಟಿನಲ್ಲಿ ಹೆಚ್ಚಾಯಿತು, ಇನ್ನೊಬ್ಬರ ಶೀಟಿನಲ್ಲಿ ಕಡಿಮೆಯಾಯಿತು. ಅದನ್ನು ಹಾಗೆಯೇ ಹೇಳಿಕೊಂಡಿದ್ದರೆ ಚಹಾ ತಣಿಯುವುದರೊಳಗೆ ಮುಗಿಯುತ್ತಿತ್ತು. ‘ಆಟದ ಆತ್ಮ’, ‘ದ್ರೋಹ’ ಎಂಬ ಮಾತು ಬಂದಾಗ ಮುಗಿಸಲು ದಾರಿಯೇ ಇಲ್ಲವಾಯಿತು.

ಆತ್ಮದ ಮಾತು ಪ್ರತಿ ಆವೃತ್ತಿಗೂ ಬಂದಿದೆ. 2ನೇ ಆವೃತ್ತಿಯ ಥ್ಯಾಕೊ ನೆನಪಿದೆಯೇ? ಕವಚದ ಅಂಕ ಸೊನ್ನೆ ಇರುವವನಿಗೆ ಪೆಟ್ಟು ತಾಗಲು ದಾಳದಲ್ಲಿ ಬೀಳಬೇಕಾದ ಅಂಕ ಅದು. ಆಗ ಕವಚದ ಅಂಕ ಕಡಿಮೆಯಾದಷ್ಟೂ ಗಟ್ಟಿ. ನಿಮ್ಮ ಥ್ಯಾಕೊ 17, ಎದುರಾಳಿಯ ಕವಚ 4 ಎಂದಾದರೆ 17ರಿಂದ 4 ಕಳೆದು 13 ಬೀಳಬೇಕು. 3ನೇ ಆವೃತ್ತಿ ಅದನ್ನು ತಿರುಗಿಸಿ ಬರೆಯಿತು: ಕವಚ 16, ನಿಮ್ಮ ಬೋನಸ್ 3, ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ್ದು ಅದೇ 13. ಲೆಕ್ಕ ಒಂದೇ, ಕಳೆಯುವುದು ಹೋಗಿ ಕೂಡಿಸುವುದು ಬಂತು. ಇದಕ್ಕೂ ಆಟ ಮಕ್ಕಳಾಟವಾಯಿತು ಎಂದವರಿದ್ದರು. 4ನೇ ಆವೃತ್ತಿಗೆ ಆದದ್ದಂತೂ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮಂತ್ರವಾದಿ ಪ್ರತಿ ಸರದಿಗೂ ಮಂತ್ರ ಹಾಕುತ್ತಾನೆ, ಇದು ವಿಡಿಯೊ ಗೇಮ್ ಎಂದು ಬೈದರು. ನೀವು ಈಗ ಬಿಟ್ಟುಕೊಡಲಾರೆ ಎನ್ನುತ್ತಿರುವ 2014ರ ಆಟದಲ್ಲಿ ಮಂತ್ರವಾದಿ ಪ್ರತಿ ಸರದಿಗೂ ಫೈರ್ ಬೋಲ್ಟ್ ಎಂಬ ಬೆಂಕಿಯ ಮಂತ್ರ ಎಸೆಯುತ್ತಾನೆ, ಯಾರೂ ಏನೂ ಅನ್ನುವುದಿಲ್ಲ.

‘ಹಳೆ ಪುಸ್ತಕ ಕಪಾಟಿನಲ್ಲಿ ಉಂಟಲ್ಲ, ಆಡಿ’ ಎಂಬ ಉತ್ತರ ಸಾಕು ಎಂದು ನಾನು ಹೇಳುವುದಿಲ್ಲ. ಹೊಸತಾಗಿ ಸೇರುವವರು ಹೊಸ ಪುಸ್ತಕ ಓದಿ ಬರುತ್ತಾರೆ, ಹಳೆ ನಿಯಮ ಬಲ್ಲವರು ಕಡಿಮೆಯಾಗುತ್ತಾ ಹೋಗುತ್ತಾರೆ. ಯಕ್ಷಗಾನ ಕಾಲಮಿತಿಗೆ ಬಂದಾಗ ನಮ್ಮ ಹಿರಿಯರಿಗೆ ಆದ ಬೇಸರ ಇದೇ ಜಾತಿಯದು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ನಡುರಾತ್ರಿಗೆ ಮುಗಿದರೆ ಪೂರ್ವರಂಗ ಮೊಟಕಾಗುತ್ತದೆ, ಒಡ್ಡೋಲಗಕ್ಕೆ ಪುರುಸೊತ್ತಿರುವುದಿಲ್ಲ. ಹೋದದ್ದು ಹೋಯಿತು ಎಂದು ಬೇಸರಪಡುವ ಹಕ್ಕು ಅವರಿಗಿದೆ. ಆದರೆ ಮರುದಿನ ಆಫೀಸಿಗೆ ಹೋಗಬೇಕಾದ್ದರಿಂದ ಕಾಲಮಿತಿಯ ಆಟಕ್ಕೇ ಬಂದು ಕೂತ ಹುಡುಗ ಯಕ್ಷಗಾನದ ಶತ್ರುವಲ್ಲ.

ನೀವು ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ. ಮೊದಲು ಫೈಟರ್ ಗೆಳೆಯರಿಗೆ ಫೋನ್ ಮಾಡಿ; ಮೆಸೇಜ್ ಬೇಡ, ಫೋನ್. ‘ದ್ರೋಹ’ ಎಂದದ್ದನ್ನು ವಾಪಸು ತೆಗೆದುಕೊಳ್ಳಿ. ನಿಮ್ಮ ಹಳೆಯ ಕ್ಯಾಂಪೇನ್ (ವಾರವಾರ ಮುಂದುವರಿಯುವ ಕಥೆ) ಇದ್ದಲ್ಲಿಂದ 2014ರ ನಿಯಮದಲ್ಲೇ ಮುಂದುವರಿಯಲಿ, ಫೈಟರ್‌ಗೆ ಮಾತ್ರ ಹೊಸ ಆಯುಧದ ಪಟ್ಟುಗಳನ್ನು ಕೊಡಿ. ಕವಚದ ಅಂಕ, ಪರಿಣತಿಗೆ ಸಿಗುವ ಪ್ರೊಫಿಷಿಯೆನ್ಸಿ ಬೋನಸ್, ಇಪ್ಪತ್ತು ಮುಖದ ದಾಳ ಎಲ್ಲ ಎರಡರಲ್ಲೂ ಒಂದೇ ಆದ್ದರಿಂದ ಅವರನ್ನು ಹಳೆ ಪ್ಯಾಲಡಿನ್ ಪಕ್ಕದಲ್ಲಿ ಕೂರಿಸಲು ಅಡ್ಡಿಯಿಲ್ಲ. ಆಮೇಲೆ ಯಾವಾಗಲಾದರೂ ಮೂರು ನಾಲ್ಕು ಭಾನುವಾರದ ಚಿಕ್ಕ ಕಥೆಯೊಂದನ್ನು ಹೊಸ ನಿಯಮದಲ್ಲಿ ನಡೆಸಲು ಅವರಿಗೇ ಬಿಡಿ. ಅವರು ಡಿಎಂ, ನೀವು ಆಟಗಾರ. ವರ್ಷಗಟ್ಟಲೆ ಡಿಎಂ ಪರದೆಯ ಹಿಂದೆ ಕೂತವರಿಗೆ ಒಂದು ಪಾತ್ರ ಆಡುವುದೂ ಬೇಕಾಗಿರುತ್ತದೆ. ಇದಕ್ಕೆ ಯಾರೂ ಪುಸ್ತಕ ಕೊಳ್ಳಬೇಕಾಗಿಲ್ಲ: 2024ರ ಮೂಲ ನಿಯಮಗಳನ್ನೂ ಕಂಪೆನಿ 2025ರ ಏಪ್ರಿಲ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಉಚಿತವಾಗಿ ಬಿಟ್ಟಿದೆ. ಬೇಕಾದ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡರೆ ಸಾಕು.

ಹೊಸ ನಿಯಮಗಳ ಬಗ್ಗೆ ಬರೆಯುವುದನ್ನು ನಿಲ್ಲಿಸಿ ಎಂದಿರಿ. ಅದು ಆಗುವುದಿಲ್ಲ. ಉಡುಪಿ, ಮಣಿಪಾಲದ ಕಡೆಯಿಂದ ಈಗಷ್ಟೇ ಆಡಲು ಶುರು ಮಾಡಿದ ವಿದ್ಯಾರ್ಥಿಗಳು ನಮಗೆ ಬರೆಯುತ್ತಾರೆ, ಅವರ ಕೈಯಲ್ಲಿರುವುದು 2024ರ ಪುಸ್ತಕ. ಅವರ ಪ್ರಶ್ನೆಗೆ ಉತ್ತರಿಸದಿದ್ದರೆ ನಾವು ಇರುವುದು ಯಾರಿಗಾಗಿ? ಹಾಗೆಂದು ಹಳೆ ಆವೃತ್ತಿಗಳ ಪುಟವನ್ನೂ ಕಡಿಮೆ ಮಾಡುವುದಿಲ್ಲ. ನಿಮ್ಮ ಪತ್ರದ ನಡುವೆ, ಸಿಟ್ಟಿನ ಎರಡು ಪ್ಯಾರಾಗಳ ಮಧ್ಯೆ, ಪ್ಯಾಲಡಿನ್ ಗೆಳೆಯ ಒಂದೇ ಸರದಿಯಲ್ಲಿ ಮುಖ್ಯ ಖಳನನ್ನು ಮುಗಿಸಿಬಿಟ್ಟಾಗ ನೀವು ನಿಂತ ನಿಲುವಿನಲ್ಲೇ ಉಳಿದ ಕಥೆಯನ್ನೆಲ್ಲ ಹೊಸದಾಗಿ ಹೆಣೆದ ವಿಷಯ ನಾಲ್ಕೇ ಸಾಲಿನಲ್ಲಿ ಬಂದು ಹೋಗಿದೆ. ಅದನ್ನು ಬಿಡಿಸಿ ಬರೆದು ಕಳಿಸಿ. ಖಳ ಸತ್ತ ಮೇಲೆ ಯಾರು ಏನು ಕೇಳಿದರು, ನೀವು ಯಾವ ದಾಳ ಹಾಕಿದಿರಿ, ಎಲ್ಲಿ ಸುಮ್ಮನಾದಿರಿ, ಎಲ್ಲ ಬೇಕು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ತಲುಪಲಿ.

— ಸಂಪಾದಕ