ಹಿಸ್ಟರಿ ಅಳಿಸಿದ ಮೇಲೂ ಹಳೇ ಹುಡುಕಾಟ ಯಾಕೆ ಬರುತ್ತದೆ?

ಫೋನಿನಲ್ಲಿ ಹಿಸ್ಟರಿ ಪೂರ್ತಿ ಅಳಿಸಿದರೂ ಗೂಗಲ್ ತೆರೆದರೆ ಹಳೆಯದೇ ಕಾಣುತ್ತದೆ, ಯಾಕೆ ಅಂತ ಕೇಳಿದ್ದೀರಿ. ನೀವು ಹರಿದದ್ದು ನಿಮ್ಮ ಕೈಲಿದ್ದ ಚೀಟಿ. ಅಂಗಡಿಯವನ ಲೆಕ್ಕದ ಪುಸ್ತಕ ಹಾಗೇ ಇದೆ.

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ರಿಸಲ್ಟ್ ನೋಡುವವರಿಗೆ ಎರಡು ಕಂಪ್ಯೂಟರ್ ಇಟ್ಟಿದ್ದೇನೆ. ಒಮ್ಮೆ ಒಬ್ಬ ಹುಡುಗ ಲಾಗೌಟ್ ಮಾಡದೆ ಎದ್ದು ಹೋದ. ಅವನ ನಂತರ ಕೂತ ರೈತರೊಬ್ಬರು ಕಬ್ಬಿನ ಗೊಣ್ಣೆಹುಳಕ್ಕೆ ಔಷಧಿ ಹುಡುಕಿದರು. ಸಂಜೆ ಹುಡುಗ ಫೋನ್ ಹಿಡಿದು ಬಂದ. "ಅಣ್ಣಾ, ನನ್ ಮೊಬೈಲಲ್ಲಿ ಗೊಣ್ಣೆಹುಳ ಯಾಕ್ ಬತ್ತೈತೆ?" ನಾನು ಅಂಗಡಿ ಕಂಪ್ಯೂಟರಿನ ಹಿಸ್ಟರಿ ಅಳಿಸಿದೆ. ಅವನ ಫೋನಿನಲ್ಲಿ ಹುಳ ಅಲುಗಲಿಲ್ಲ.

ಯಾಕೆಂದರೆ ಕ್ರೋಮ್ ಬ್ರೌಸರಿನ ಹಿಸ್ಟರಿ ಬೇರೆ, ಗೂಗಲ್ ಖಾತೆಯ ಹಿಸ್ಟರಿ ಬೇರೆ. ಲಾಗಿನ್ ಇದ್ದು, ಚಟುವಟಿಕೆ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ, ಹುಡುಕಿದ್ದು ಗೂಗಲ್‌ನ ಸರ್ವರಿನಲ್ಲಿ, ಅಂದರೆ ಅವರ ಕಂಪ್ಯೂಟರುಗಳಲ್ಲಿ, ನಿಮ್ಮ ಹೆಸರಿಗೆ ಸೇರುತ್ತದೆ. ಅದನ್ನು ಅಳಿಸಬೇಕಾದದ್ದು 'ಮೈ ಆ್ಯಕ್ಟಿವಿಟಿ' ಪುಟದಲ್ಲಿ. ಅಲ್ಲೇ 3, 18 ಅಥವಾ 36 ತಿಂಗಳಾದ ಮೇಲೆ ತಾನಾಗಿ ಅಳಿಯುವ ಹಾಗೂ ಇಡಬಹುದು. 2020ರಿಂದ ಹೊಸ ಖಾತೆಗಳಿಗೆ ಮೊದಲೇ 18 ತಿಂಗಳು ಅಂತ ಇರುತ್ತದೆ. ಹಳೇ ಖಾತೆಯವರು ಒಮ್ಮೆ ನೋಡಿಕೊಳ್ಳಿ.

ಅಳಿಸಿದ ತಕ್ಷಣ ನಿಮ್ಮ ಕಣ್ಣಿಂದ ಮರೆಯಾಗುತ್ತದೆ. ಸರ್ವರಿನಿಂದ ಪೂರ್ತಿ ಹೋಗಲು ಸಾಮಾನ್ಯವಾಗಿ ಎರಡು ತಿಂಗಳು, ಬ್ಯಾಕಪ್‌ನಲ್ಲಿ ಆರು ತಿಂಗಳವರೆಗೂ ಇರಬಹುದು ಅಂತ ಗೂಗಲ್ಲೇ ಹೇಳುತ್ತದೆ. ಏನು ಹುಡುಕಿದಿರಿ ಅನ್ನುವುದು ಹೋದರೂ, ಏನೋ ಹುಡುಕಿದಿರಿ ಅನ್ನುವ ಲೆಕ್ಕ ಉಳಿಯಬಹುದಂತೆ. ಇನ್ನು ಸರ್ವರಿಗೆ ಬಂದ ಕೋರಿಕೆಗಳ ದಾಖಲೆಯಾದ ಸರ್ವರ್ ಲಾಗ್‌ಗಳಲ್ಲಿ ಐಪಿ ವಿಳಾಸದ (ನಿಮ್ಮ ನೆಟ್ ಸಂಪರ್ಕದ ನಂಬರ್) ಒಂದು ಭಾಗವನ್ನು 9 ತಿಂಗಳಿಗೆ, ಕುಕಿಯ (ನಿಮ್ಮ ಬ್ರೌಸರನ್ನು ಗುರುತು ಹಿಡಿಯಲು ಸೈಟು ಇಡುವ ಪುಟ್ಟ ಫೈಲ್) ವಿವರವನ್ನು 18 ತಿಂಗಳಿಗೆ ತೆಗೆಯುತ್ತಾರೆ.

ಹೆಸರು ತೆಗೆದರೆ ಸಾಕಲ್ವಾ ಅಂದರೆ ನನಗೆ ಅಷ್ಟು ನಂಬಿಕೆ ಇಲ್ಲ. 2006ರಲ್ಲಿ ಅಮೆರಿಕದ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಜನರ ಹುಡುಕಾಟಗಳನ್ನು, ಹೆಸರಿನ ಬದಲು ನಂಬರ್ ಹಾಕಿ, ಸಂಶೋಧನೆಗೆಂದು ಬಹಿರಂಗ ಮಾಡಿತು. ಪತ್ರಕರ್ತರು ಬರೀ ಹುಡುಕಿದ ಪದಗಳನ್ನು ಹಿಡಿದೇ ಒಬ್ಬ ಅಜ್ಜಿಯ ಮನೆ ಬಾಗಿಲಿಗೆ ಹೋದರು. ಊರಿನ ಹೆಸರು, ನೆಂಟರ ಅಡ್ಡಹೆಸರು, ಕಾಯಿಲೆ ಎಲ್ಲ ನಾವೇ ಟೈಪ್ ಮಾಡುತ್ತೇವಲ್ಲ.

ಇನ್‌ಕಾಗ್ನಿಟೊ (ಕ್ರೋಮಿನ ಖಾಸಗಿ ಕಿಟಕಿ) ನಂಬಿ ಕೂರಬೇಡಿ. ಅದು ಆ ಸಾಧನದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ನೆಟ್ ಕೊಡುವ ಕಂಪನಿಗೆ ಯಾವ ಸೈಟಿಗೆ ಹೋದಿರಿ ಅಂತ ಆಗಲೂ ಕಾಣಬಹುದು.

ಮೈ ಆ್ಯಕ್ಟಿವಿಟಿಯಲ್ಲಿ ಅಳಿಸಿಯೂ ಹಳೆಯದು ಬರುತ್ತಿದ್ದರೆ, ಫೋನಿನಲ್ಲಿ ಎರಡನೇ ಜಿಮೇಲ್ ಇದೆಯಾ ನೋಡಿ. ನಮ್ಮ ಹುಡುಗನಿಗೆ ಮೂರಿತ್ತು. ಗೊಣ್ಣೆಹುಳ ಸಿಕ್ಕಿದ್ದು ಮೂರನೆಯದರಲ್ಲಿ.